ನಮೂನೆ ಒಂದು, ಪತ್ರ ನೂರು

ಫಲಿತಾಂಶ ಬಂದ ಮರುದಿನದಿಂದಲೇ ಮನೆಗಳಲ್ಲಿ ಕಾಗದಪತ್ರಗಳ ಹುಡುಕಾಟ ಶುರುವಾಗುತ್ತದೆ. ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಊರಿನ ವಿದ್ಯಾರ್ಥಿ ವೃತ್ತಿಶಿಕ್ಷಣಕ್ಕೆ ಅರ್ಜಿ ಹಾಕಬೇಕೆಂದರೆ ಅಂಕಪಟ್ಟಿಯೊಂದೇ ಸಾಲದು. ಜಾತಿ, ಆದಾಯ ಪ್ರಮಾಣಪತ್ರಗಳು ನಾಡಕಚೇರಿಯಿಂದ ಬರಬೇಕು. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಬೇಕೆಂದರೆ ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲಿ ಓದಿದ್ದು, ಯಾವ ಮಾಧ್ಯಮದಲ್ಲಿ ಓದಿದ್ದು ಎಂಬುದಕ್ಕೆ ಶಾಲೆಯ ಆಧಾರ ಬೇಕು. ರಾಯಚೂರು ಜಿಲ್ಲೆಯವರಿಗೆ ಇವುಗಳ ಮೇಲೆ 371ಜೆ ಅರ್ಹತಾ ಪ್ರಮಾಣಪತ್ರ. ಸಂಸತ್ತು 2012ರಲ್ಲಿ ಅಂಗೀಕರಿಸಿದ ಸಂವಿಧಾನದ 98ನೇ ತಿದ್ದುಪಡಿಯಿಂದ ಈ ವಿಧಿ ಬಂತು. ಅದರಡಿ ಕಲ್ಯಾಣ ಕರ್ನಾಟಕದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲು.

ಈ ಪತ್ರಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿ. ಹೇಳುವ ಸಂಗತಿಗಳು ಹೆಚ್ಚುಕಡಿಮೆ ಅವೇ: ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನ, ಊರು, ಓದಿದ ವರ್ಷಗಳು. ಇವುಗಳಲ್ಲಿ ಒಂದಕ್ಷರ ಅತ್ತಿತ್ತ ಆದರೂ ದಾಖಲೆ ಪರಿಶೀಲನೆಯ ದಿನ ಮಗುವನ್ನು ಕರೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವ ಪಾಡು ತಪ್ಪದು.

ಸರ್ಕಾರಿ ಪ್ರಮಾಣಪತ್ರಗಳು ಸರ್ಕಾರದ ಗಣಕಯಂತ್ರದಿಂದಲೇ ಬರುತ್ತವೆ. ಆದರೆ ವ್ಯಾಸಂಗ ಪತ್ರ, ನಡತೆ ಪತ್ರ, ವಿದ್ಯಾರ್ಥಿವೇತನದ ಶಿಫಾರಸು, ಹಾಸ್ಟೆಲಿಗೆ ಬೇಕಾದ ಪತ್ರ ಮುಂತಾದವು ಹಲವೆಡೆ ಶಾಲೆಯ ಕಚೇರಿಯಲ್ಲೇ ತಯಾರಾಗುತ್ತವೆ. ಅಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಹೋದ ವರ್ಷದ ಕಡತ ತೆರೆಯುವುದು, ಹಳೆಯ ಹೆಸರು ಅಳಿಸಿ ಹೊಸ ಹೆಸರು ಹೊಡೆಯುವುದು. ಹೆಸರು ಬದಲಾಗುತ್ತದೆ, ನೋಂದಣಿ ಸಂಖ್ಯೆ ಹಳೆಯದೇ ಉಳಿಯುತ್ತದೆ. ಇಂಥ ಎಡವಟ್ಟನ್ನು ತಪ್ಪಿಸಲೆಂದೇ ಪತ್ರ ಜೋಡಿಸುವ ತಂತ್ರಾಂಶಗಳಿವೆ. ಬದಲಾಗದ ಮಾತು ಒಂದು ನಮೂನೆಯಲ್ಲಿ, ಬದಲಾಗುವ ಸಂಗತಿಗಳು ಒಂದು ಪಟ್ಟಿಯಲ್ಲಿ. ಎರಡನ್ನೂ ಕೂಡಿಸಿ ಒಬ್ಬೊಬ್ಬರಿಗೆ ಒಂದೊಂದು ಪತ್ರ ಅಚ್ಚು ಮಾಡುವುದು ಗಣಕಯಂತ್ರದ ಕೆಲಸ.

ಮಸ್ಕಿಯ ಬಂಡೆ ಹೇಳುವ ಪಾಠ

ಈ ಉಪಾಯ ಹೊಸದೇನಲ್ಲ. ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನೇ ನೋಡಬಹುದು. ಕ್ರಿಸ್ತಪೂರ್ವ ಮೂರನೇ ಶತಮಾನದ ಆ ಕಿರುಶಾಸನದ ಮುಖ್ಯ ಒಕ್ಕಣೆ ಮಸ್ಕಿಯಲ್ಲಷ್ಟೇ ಇಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೂ ಇದೆ. ಆದರೆ ಬ್ರಹ್ಮಗಿರಿಯದರ ಆರಂಭದಲ್ಲಿ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಎಂಬ ವಿಳಾಸವೂ ಕುಶಲಪ್ರಶ್ನೆಯೂ ಸೇರಿವೆ. ಮಸ್ಕಿಯದರಲ್ಲಿ ಅಶೋಕ ಎಂಬ ಹೆಸರೇ ಇದೆ. ಆಜ್ಞೆ ಒಂದೇ, ಊರಿಗೆ ತಕ್ಕಂತೆ ಕೆಲವು ಮಾತು ಬೇರೆ. ಯಾವುದು ಎಲ್ಲರಿಗೂ ಸಮಾನ, ಯಾವುದು ಒಬ್ಬೊಬ್ಬರಿಗೆ ಬೇರೆ ಎಂದು ಮೊದಲೇ ವಿಂಗಡಿಸುವುದು ಇಂದಿಗೂ ಮೊದಲ ಹೆಜ್ಜೆ. ಕಾಗದದ ಮೇಲೆ ಆ ವಿಂಗಡಣೆ ಆಗದೆ ತಂತ್ರಾಂಶ ಕೊಂಡರೆ ದುಡ್ಡು ದಂಡ.

ಯಾವುದನ್ನು ಆರಿಸಬೇಕು?

ಇಂಥ ತಂತ್ರಾಂಶಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ಮೇಲ್ ಮರ್ಜ್. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಇದು ಇದ್ದೇ ಇದೆ. ದುಡ್ಡು ಕೊಡದೆ ಪಡೆಯಬಹುದಾದ ಲಿಬ್ರೆ ಆಫೀಸ್‌ನಲ್ಲೂ ಇದೆ. ಎರಡನೆಯದು ಪ್ರಶ್ನೆ ಕೇಳಿ ಪತ್ರ ಕಟ್ಟುವ ಬಗೆ. ವಕೀಲರ ಕಚೇರಿಗಳಲ್ಲಿ ಹೆಸರಾದ ಹಾಟ್‌ಡಾಕ್ಸ್, ಮುಕ್ತ ತಂತ್ರಾಂಶವಾದ ಡಾಕ್‌ಅಸೆಂಬಲ್ ಈ ಗುಂಪಿನವು. ಉತ್ತರ ನೋಡಿಕೊಂಡು ಇಂಥ ಪರಿಚ್ಛೇದ ಬೇಕು, ಇಂಥದು ಬೇಡ ಎಂದು ತೀರ್ಮಾನಿಸುವ ಶಕ್ತಿ ಇವಕ್ಕಿದೆ. ಹತ್ತಾರು ಷರತ್ತುಗಳ ಕರಾರುಪತ್ರಕ್ಕೆ ಅದು ಸರಿ. ಮುನ್ನೂರು ಮಕ್ಕಳಿಗೆ ಒಂದೇ ಬಗೆಯ ವ್ಯಾಸಂಗ ಪತ್ರ ಕೊಡುವ ಶಾಲೆಗೆ ಮೇಲ್ ಮರ್ಜ್ ಧಾರಾಳವಾಗಿ ಸಾಕು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆಯಬೇಕಾಗಿಲ್ಲ.

ಕನ್ನಡದ ಮಟ್ಟಿಗೆ ನಿಜವಾದ ಪರೀಕ್ಷೆ ಬೇರೆಯೇ ಇದೆ. ಇಂಗ್ಲಿಷಿನಲ್ಲಿ ಖಾಲಿ ಜಾಗಕ್ಕೆ ಊರಿನ ಹೆಸರು ಹಾಕಿದರೆ ವಾಕ್ಯ ಮುಗಿಯಿತು. ಕನ್ನಡದಲ್ಲಿ ಹೆಸರಿಗೆ ಪ್ರತ್ಯಯ ಹತ್ತಬೇಕು. ಮಸ್ಕಿಯಲ್ಲಿ, ಮುಕ್ಕುಂದದಲ್ಲಿ, ಸಿಂಧನೂರಿನಲ್ಲಿ - ಮೂರು ಊರಿಗೆ ಮೂರು ರೂಪ. ನಮೂನೆಯಲ್ಲಿ ಖಾಲಿ ಜಾಗದ ಮುಂದೆ ‘ಯಲ್ಲಿ’ ಎಂದು ಬರೆದಿಟ್ಟರೆ ಮಸ್ಕಿಗೆ ಸರಿ, ಸಿಂಧನೂರಿಗೆ ‘ಸಿಂಧನೂರುಯಲ್ಲಿ’ ಎಂಬ ನಗೆಪಾಟಲು. ಇದಕ್ಕೆ ನಮ್ಮ ಹಳೆಯ ಕಚೇರಿಗಳ ಗುಮಾಸ್ತರು ಯಂತ್ರವಿಲ್ಲದ ಕಾಲದಲ್ಲೇ ದಾರಿ ಕಂಡುಕೊಂಡಿದ್ದರು. ‘ಮುಕ್ಕುಂದ ಗ್ರಾಮದಲ್ಲಿ’, ‘ಇಂಥವರು ಎಂಬುವವರ ಮಗಳು’ ಎಂದು ಬರೆದರೆ ಪ್ರತ್ಯಯ ಗ್ರಾಮಕ್ಕೆ ಹತ್ತುತ್ತದೆ, ಊರಿನ ಹೆಸರು ಇದ್ದಂತೆಯೇ ಉಳಿಯುತ್ತದೆ. ಒಣಕಲೆಂದು ತೋರುವ ಆ ಕಚೇರಿ ಕನ್ನಡ ಇಲ್ಲಿ ಕೈಹಿಡಿಯುತ್ತದೆ. ಮಗ, ಮಗಳು, ವಿದ್ಯಾರ್ಥಿ, ವಿದ್ಯಾರ್ಥಿನಿ ಎಂಬ ಭೇದಕ್ಕೆ ಮೇಲ್ ಮರ್ಜ್‌ನಲ್ಲೇ ಷರತ್ತು ಹಾಕಬಹುದು.

ಎರಡನೆಯ ಪರೀಕ್ಷೆ ಅಕ್ಷರದ್ದು. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳು ಅನೇಕ ಶಾಲೆಗಳಲ್ಲಿ ಇನ್ನೂ ಇವೆ. ಕಂಪ್ಯೂಟರಿನಲ್ಲಿ ಕನ್ನಡ ಬೆಳೆಸಿದ ಕೀರ್ತಿ ಆ ತಂತ್ರಾಂಶಗಳಿಗೆ ಸಲ್ಲಬೇಕು. ಆದರೆ ಆ ಹಳೆಯ ಕಡತವನ್ನು ಅದೇ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅಕಾರಾದಿಯಾಗಿ ಜೋಡಿಸಹೋದರೆ ಸಾಲು ಕೆಡುತ್ತದೆ. ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಹೊಸ ಪಟ್ಟಿಯನ್ನು ಯುನಿಕೋಡ್‌ನಲ್ಲೇ ಮಾಡಬೇಕು. ಹಳೆಯದನ್ನು ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಬೇಕು.

ಮೂರನೆಯದು ಅಂಕಿಗಳ ಕಾಟ. ಎಕ್ಸೆಲ್ ಹಾಳೆಯಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಬರೆದರೆ ಆ ಸೊನ್ನೆ ಮಾಯವಾಗುತ್ತದೆ. 12 ಅಂಕಿಗಳ ಆಧಾರ್ ಸಂಖ್ಯೆ ಗಣಿತದ ಘಾತ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಜೂನ್ 5 ಎಂಬ ಹುಟ್ಟಿದ ದಿನ ಮೇ 6 ಆಗಿಬಿಡಬಹುದು. ಅಂಥ ಕಾಲಂಗಳನ್ನು ಮೊದಲೇ ‘ಪಠ್ಯ’ ಎಂದು ಗುರುತಿಸಿದರೆ ಈ ತೊಂದರೆ ಇಲ್ಲ.

ಪೋಷಕರು ಕೇಳಬೇಕಾದ ಮಾತು

ಮಕ್ಕಳ ವಿವರಗಳನ್ನು ಯಾವುದೋ ಅಪರಿಚಿತ ತಾಣಕ್ಕೆ ಏರಿಸಿ ಬಿಟ್ಟಿಯಾಗಿ ಪತ್ರ ಮಾಡಿಸಿಕೊಳ್ಳುವುದು ಸುಲಭವೆನ್ನಿಸಬಹುದು. ಜಾತಿ, ಆದಾಯ, ಆಧಾರ್ ಸಂಖ್ಯೆ ಇರುವ ಪಟ್ಟಿ ಬೀದಿಗೆ ಹಾಕುವಂಥದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತು ಆಡುತ್ತದೆ. ಶಾಲೆಯ ಯಂತ್ರದಲ್ಲೇ, ಅಂತರ್ಜಾಲದ ಹಂಗಿಲ್ಲದೆ ನಡೆಯುವ ತಂತ್ರಾಂಶವಿದ್ದರೆ ಅದೇ ಲೇಸು. ಪಟ್ಟಿಯನ್ನು ಬೇಕೆಂದಾಗ ಸಾದಾ ರೂಪದಲ್ಲಿ ಹೊರತೆಗೆಯಲು ಬರುತ್ತದೆಯೇ ಎಂಬುದನ್ನೂ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಬೇಕು. ತಂತ್ರಾಂಶ ಬಲ್ಲ ಒಬ್ಬರು ವರ್ಗವಾಗಿ ಹೋದೊಡನೆ ಎಲ್ಲ ನಿಂತುಹೋಗಬಾರದು.

ವಿದ್ಯಾರ್ಥಿಗಳಿಗೂ ಇದರಲ್ಲಿ ಕಲಿಯುವುದಿದೆ. ತಮ್ಮ ತರಗತಿಯ ಹತ್ತು ಹೆಸರುಗಳ ಪಟ್ಟಿ, ಒಂದು ಪುಟದ ನಮೂನೆ ಇಟ್ಟುಕೊಂಡು ಮೇಲ್ ಮರ್ಜ್ ಅಭ್ಯಾಸ ಮಾಡಬಹುದು. ಆ ಹತ್ತರಲ್ಲಿ ಬೇಕೆಂದೇ ಕಷ್ಟದ ಹೆಸರುಗಳಿರಲಿ: ಉದ್ದನೆಯದು, ಒತ್ತಕ್ಷರ ತುಂಬಿದ್ದು, ತಂದೆಯ ಹೆಸರಿಲ್ಲದೆ ತಾಯಿಯ ಹೆಸರಷ್ಟೇ ಇರುವುದು. ಸುಲಭದ ಹೆಸರಿಗೆ ಎಲ್ಲ ತಂತ್ರಾಂಶವೂ ಚೆನ್ನಾಗಿ ನಡೆಯುತ್ತದೆ. ಕಷ್ಟದ ಹೆಸರಿಗೆ ನಡೆದದ್ದೇ ಆರಿಸತಕ್ಕದ್ದು. ಇದನ್ನು ಅರಿತವರಿಗೆ ಮುಂದೆ ಬ್ಯಾಂಕು, ಸಹಕಾರ ಸಂಘ, ವಕೀಲರ ಕಚೇರಿ ಎಲ್ಲಿ ಹೋದರೂ ಕೆಲಸಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ತಂತ್ರಾಂಶ ಪತ್ರ ಜೋಡಿಸುತ್ತದೆಯೇ ಹೊರತು ಅದಕ್ಕೆ ಅಧಿಕಾರ ಕೊಡುವುದಿಲ್ಲ. ಅಧಿಕಾರ ಬರುವುದು ದಾಖಲಾತಿ ವಹಿಯಿಂದ ಮತ್ತು ಸಹಿಯಿಂದ. ಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೆ ಆ ಮಗುವಿನ ಪ್ರತಿ ಪತ್ರದಲ್ಲೂ ಅದೇ ತಪ್ಪು ಅಚ್ಚಾಗುತ್ತದೆ; ನಮೂನೆಯಲ್ಲಿ ತಪ್ಪಿದರೆ ಮುನ್ನೂರು ಮಕ್ಕಳ ಪತ್ರದಲ್ಲೂ. ಆದ್ದರಿಂದ ಅಚ್ಚಿಗೆ ಮುನ್ನ ಪಟ್ಟಿಯನ್ನು ಒಮ್ಮೆ ಮಕ್ಕಳ ಕೈಗೇ ಕೊಟ್ಟು, ಹತ್ತನೇ ತರಗತಿಯ ಅಂಕಪಟ್ಟಿಯೊಂದಿಗೆ ತಾಳೆ ನೋಡಿಸಿ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. ತನ್ನ ಹೆಸರಿನ ಕಾಗುಣಿತ ತನಗಿಂತ ಚೆನ್ನಾಗಿ ಬಲ್ಲವರು ಇನ್ನಾರೂ ಇಲ್ಲ.