ಸೊರಗಿದ ಗಿಡವೂ ನೀರಿನ ಭ್ರಮೆಯೂ

ಟೊಮ್ಯಾಟೊ ಗಿಡವು ಎಲೆಯ ಹಸಿರು ಕಿಂಚಿತ್ತೂ ಮಾಸದಿರುವಾಗಲೇ ಜೋತುಬಿದ್ದುದನ್ನು ಕಂಡೊಡನೆ, ಇದಕ್ಕೆ ನೀರು ಸಾಲದಾಯಿತೆಂದು ನಿರ್ಣಯಿಸಿ ಸಾಲಿಗೆ ಮತ್ತಷ್ಟು ನೀರು ಹಾಯಿಸುವ ಪರಿಪಾಠವು ನಮ್ಮಲ್ಲಿ ಎಷ್ಟು ದೃಢಮೂಲವಾಗಿದೆಯೆಂದರೆ, ಅದನ್ನು ಅಲ್ಲಗಳೆದವನೇ ಅವಿವೇಕಿಯೆನಿಸಿಕೊಳ್ಳಬೇಕಾಗುತ್ತದೆ. ಬುಡದ ಮಣ್ಣು ಕೆಸರಾಗಿರುವಾಗ ಗಿಡಕ್ಕೆ ಬಾಯಾರಿಕೆ ಎಲ್ಲಿಂದ ಬಂದಿತೆಂದು ಕೇಳಿಕೊಳ್ಳುವ ವ್ಯವಧಾನವಾದರೂ ಬೇಡವೆ?

ಇದು ದುಂಡಾಣು ಸೊರಗು ರೋಗ. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ವರ್ಣಿಸಿದ, ಇಂದು ರಾಲ್‌ಸ್ಟೋನಿಯ ಎಂಬ ಹೆಸರಿನ ಈ ಜೀವಿಯು ಬೇರಿನ ಗಾಯಗಳ ಮೂಲಕ, ಅದರಲ್ಲಿಯೂ ಬೇರುಗಂಟಿನ ಜಂತುಹುಳು ಕೊರೆದ ಕಡೆಗಳಲ್ಲಿ, ಒಳಹೊಕ್ಕು ನೀರನ್ನು ಮೇಲಕ್ಕೊಯ್ಯುವ ನಾಳಗಳಲ್ಲಿ ನೆಲಸುತ್ತದೆ. ಸಂಖ್ಯೆ ಅಲ್ಪವಾಗಿರುವ ತನಕ ಈಜಾಡಿಕೊಂಡಿದ್ದು, ತನ್ನ ಬಳಗ ಸಾಕಷ್ಟು ನೆರೆಯಿತೆಂಬುದನ್ನು ತಾನೇ ಸ್ರವಿಸಿದ ರಾಸಾಯನಿಕ ಸಂಕೇತದಿಂದ ಅರಿತಮೇಲೆ, ಲೋಳೆಯನ್ನು ಸುರಿಸತೊಡಗಿ ನಾಳಗಳನ್ನು ಮುಚ್ಚಿಬಿಡುವುದು. ಆಮೇಲೆ ಬುಡಕ್ಕೆ ಎಷ್ಟು ಎರೆದರೇನು, ನೀರು ಎಲೆಗೆ ಏರದು. ಏರುವ ಬದಲು, ಬೇರಿನಿಂದ ಹೊರಬಿದ್ದ ದುಂಡಾಣುಗಳನ್ನು ಪಕ್ಕದ ಸಾಲಿಗೆ ಕೊಂಡೊಯ್ಯುವುದು. ಯುರೋಪಿನಲ್ಲಿ ಇದೇ ಕುಲದ ದುಂಡಾಣುವು ನದೀತೀರದ ಕಾಡುಬಳ್ಳಿಯೊಂದರ ಬೇರನ್ನು ಆಶ್ರಯಿಸಿ, ನೀರಾವರಿಯ ಜೊತೆಯಲ್ಲಿಯೇ ಆಲೂಗಡ್ಡೆಯ ಹೊಲಗಳಿಗೆ ಪ್ರಯಾಣ ಮಾಡಿತಷ್ಟೆ. ಸಂಶಯವುಳ್ಳವರು ಬಾಡಿದ ಗಿಡದ ಬುಡದ ಕಾಂಡವನ್ನು ಕೊಯ್ದು ತಿಳಿನೀರಿನ ಗಾಜಿನ ಲೋಟದಲ್ಲಿ ಇಳಿಬಿಟ್ಟು ನೋಡಲಿ. ಕೆಲವೇ ನಿಮಿಷಗಳಲ್ಲಿ ಹಾಲಿನ ಎಳೆಯಂತೆ ದುಂಡಾಣುರಾಶಿಯು ಇಳಿದುಬರುವುದು.

ಈ ಪೀಡೆಯು ಹೈಬ್ರಿಡ್ ಬೀಜದೊಡನೆ ಬಂದಿತೆಂಬವರಿಗೆ, ಏಷ್ಯ, ಅಮೆರಿಕ, ಆಫ್ರಿಕ, ಇಂಡೊನೇಷ್ಯಗಳ ಮೂಲದವೆಂದು ಗುರುತಿಸಲ್ಪಟ್ಟ ಇದರ ನಾಲ್ಕು ವಂಶಶಾಖೆಗಳು ಹೈಬ್ರಿಡ್ಡಿಗಿಂತ ಎಷ್ಟೋ ಪುರಾತನವೆಂದರೆ ಸಾಕು. ಎಲೆಗೆ ಸಿಂಪಡಿಸಿದ ಔಷಧವು ಬೇರಿನ ನಾಳಕ್ಕೆ ಇಳಿಯದು. ಟೊಮ್ಯಾಟೊ ಬಿಟ್ಟು ಬದನೆ ಹಾಕಿದರೆ ಅದು ಬೆಳೆ ಬದಲಾವಣೆಯಲ್ಲ. 200ಕ್ಕೂ ಮಿಕ್ಕ ಸಸ್ಯಜಾತಿಗಳು ಇದಕ್ಕೆ ಆಶ್ರಯ, ಬದುವಿನ ಕಳೆಗಳೂ ಅದರಲ್ಲಿ ಸೇರಿವೆ.

ದೃಷ್ಟಿ ತಗುಲಬಾರದೆಂದು ಹೊಲದಲ್ಲಿ ಸುಣ್ಣದ ಬೊಟ್ಟಿಟ್ಟ ಮಡಕೆ ನಿಲ್ಲಿಸುವವನನ್ನು ನೋಡಿ ನಗುವ ವಿದ್ಯಾವಂತರೇ, ಅಂಗಡಿಯವನು ಕೈಗಿತ್ತ ಸೀಸೆಯಲ್ಲಿ ಏನಿದೆಯೆಂದು ಕೇಳದೆ ವಾರವಾರವೂ ಹೊಲಕ್ಕೆ ಸುರಿಯುವುದುಂಟು. ಮಡಕೆಯವನಿಗಾದರೋ ಖರ್ಚು ಒಂದೇ ಸಲ. ಲೋಟದ ನೀರಿನ ಸಾಕ್ಷ್ಯಕ್ಕೆ ಬೆಲೆಯಿಲ್ಲದಿರುವುದರಿಂದಲೇ ಅದನ್ನು ಯಾರೂ ನಂಬುವುದಿಲ್ಲವೋ ಏನೋ! ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗವನ್ನು ತಾಳಿಕೊಳ್ಳಬಲ್ಲ ಅರ್ಕ ಆಭಾ, ಅರ್ಕ ಆಲೋಕ್ ತಳಿಗಳನ್ನು ಕೊಟ್ಟು ಬಹುಕಾಲವಾಯಿತು. ಮುಂದಿನ ಬೆಳೆಗೆ ಅವು ಒದಗಿಯಾವು. ಈ ಸಲ ಮಾತ್ರ ಸೊರಗಿದುದನ್ನು ಬೇರುಸಹಿತ ಕಿತ್ತು ಸುಟ್ಟು, ಆ ಸಾಲಿಗೆ ನೀರನ್ನು ನಿಲ್ಲಿಸತಕ್ಕದ್ದು.