ಆಡಬಲ್ಲವರೆಲ್ಲ ಕಲಿಸಬಲ್ಲರೇ? ಮಿರೊಸ್ಲಾವ್ ಕ್ಲೋಸೆ ಹಿಡಿದ ದಾರಿ

ವಿಷಯ ಚೆನ್ನಾಗಿ ಗೊತ್ತಿದ್ದರೆ ಬೋಧನೆ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ವಿಜ್ಞಾನ ಪದವಿ ಮುಗಿಸಿ ಬಿ.ಇಡಿ.ಗೆ ಬರುವ ನಮ್ಮಲ್ಲಿ ಅನೇಕರಿಗಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ಜರ್ಮನಿಯ ಫುಟ್‌ಬಾಲ್ ಆಟಗಾರ ಮಿರೊಸ್ಲಾವ್ ಕ್ಲೋಸೆ ಅವರ ವೃತ್ತಿಜೀವನವನ್ನು ನೋಡಬಹುದು.

ಕ್ಲೋಸೆ ಅವರ ವಿಷಯಜ್ಞಾನದ ಬಗ್ಗೆ ಅನುಮಾನವೇ ಇಲ್ಲ. 2002ರ ವಿಶ್ವಕಪ್‌ನಲ್ಲಿ ಅವರು ಐದು ಗೋಲು ಹೊಡೆದರು, ಐದನ್ನೂ ತಲೆಯಿಂದಲೇ. 2014ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಾಗ ಅವರ ಒಟ್ಟು ವಿಶ್ವಕಪ್ ಗೋಲುಗಳು 16 ಆಗಿದ್ದವು. ಬ್ರೆಜಿಲ್‌ನ ರೊನಾಲ್ಡೊ ಅವರ 15 ಗೋಲುಗಳ ದಾಖಲೆ ಆಗ ಮುರಿಯಿತು.

2016ರಲ್ಲಿ ಆಟ ನಿಲ್ಲಿಸಿದ ಮೇಲೆ ಅವರು ನೇರವಾಗಿ ದೊಡ್ಡ ತಂಡವೊಂದರ ಮುಖ್ಯ ತರಬೇತುದಾರರಾಗಲಿಲ್ಲ. ಮೊದಲು ಯೋಕಿಮ್ ಲೋವ್ ಅವರ ರಾಷ್ಟ್ರೀಯ ತಂಡದಲ್ಲಿ ತರಬೇತಿ ಸಿಬ್ಬಂದಿಯ ಜೊತೆಗಿದ್ದು ಕೆಲಸ ಕಲಿತರು. 2018ರಲ್ಲಿ ಬಯರ್ನ್ ಮ್ಯೂನಿಕ್ ಕ್ಲಬ್ಬಿನ 17 ವರ್ಷದೊಳಗಿನವರ ತಂಡದ ಹೊಣೆ ಹೊತ್ತರು. 2020ರಲ್ಲಿ ಅದೇ ಕ್ಲಬ್ಬಿನ ಮುಖ್ಯ ತಂಡದಲ್ಲಿ ಹಾನ್ಸಿ ಫ್ಲಿಕ್ ಅವರಿಗೆ ಸಹಾಯಕರಾದರು. ತರಬೇತುದಾರರ ಅತ್ಯುನ್ನತ ಪರವಾನಗಿ ಪಡೆದದ್ದು 2021ರಲ್ಲಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಪಾಠ ವೀಕ್ಷಣೆ, ಬೋಧನಾಭ್ಯಾಸ, ಪ್ರಮಾಣಪತ್ರಗಳ ದಾರಿ.

ಇಷ್ಟು ದೊಡ್ಡ ಆಟಗಾರನಿಗೆ ಇದೆಲ್ಲ ಏಕೆ ಬೇಕು? ತಲೆಯಿಂದ ಚೆಂಡು ಹೊಡೆಯುವ ಕ್ರಿಯೆಯನ್ನೇ ಗಮನಿಸಿ. ಚೆಂಡು ಬರುವ ಹಾದಿಯನ್ನು ಅಂದಾಜಿಸಬೇಕು, ಸರಿಯಾದ ಕ್ಷಣಕ್ಕೆ ನೆಗೆಯಬೇಕು, ಕತ್ತನ್ನು ಬಿಗಿ ಹಿಡಿಯಬೇಕು, ಹಣೆಯಿಂದ ಚೆಂಡಿನ ದಿಕ್ಕು ತಿರುಗಿಸಬೇಕು. ನುರಿತವನಿಗೆ ಇವೆಲ್ಲ ಒಂದೇ ಚಲನೆ. ನಡುವಿನ ಹಂತಗಳು ಅವನ ಗಮನಕ್ಕೇ ಬರುವುದಿಲ್ಲ. ಕಲಿಯುವವನು ಎಡವುವುದು ಆ ಹಂತಗಳಲ್ಲೇ. ಜೊತೆಗೆ, 2018–19ರಲ್ಲಿ ಆ ವಯೋಗುಂಪಿನಲ್ಲಿದ್ದ ಹುಡುಗರು ಹುಟ್ಟಿದ್ದೇ 2002ರಲ್ಲಿ ಅಥವಾ ಅದರ ನಂತರ. ಗುರುವಿನ ಐದು ಗೋಲುಗಳು ಅವರಿಗೆ ಕೇಳಿದ ಕಥೆ ಅಷ್ಟೆ. ಹೆಸರಿನಿಂದ ಗೌರವ ಸಿಗಬಹುದು, ಕಲಿಕೆಯಾಗುವುದಿಲ್ಲ.

ಲೀ ಶುಲ್ಮನ್ 1986ರಲ್ಲಿ ಗುರುತಿಸಿದ್ದು ಇದನ್ನೇ. ವಿಷಯ ತಿಳಿದಿರುವುದು ಒಂದು. ಅದನ್ನು ಕಲಿಯುವವರಿಗೆ ಅರ್ಥವಾಗುವ ರೂಪಕ್ಕೆ ತರುವ ಜ್ಞಾನ ಇನ್ನೊಂದು. ಹತ್ತನೇ ತರಗತಿಯ ರಾಸಾಯನಿಕ ಸಮೀಕರಣಗಳನ್ನು ನಾವು ಕಣ್ಣಳತೆಯಲ್ಲೇ ಸರಿದೂಗಿಸುತ್ತೇವೆ. ನೀರಿನ ಸೂತ್ರದೊಳಗಿನ 2ನ್ನು ಬದಲಿಸದೆ ಅದರ ಮುಂದೆ ಮಾತ್ರ ಸಂಖ್ಯೆ ಏಕೆ ಹಾಕಬೇಕು ಎಂಬ ಪ್ರಶ್ನೆ ನಮಗೆ ಏಳುವುದೇ ಇಲ್ಲ. ಮಗುವಿಗೆ ಏಳುತ್ತದೆ. ಒಳಗಿನ ಸಂಖ್ಯೆ ಬದಲಾದರೆ ವಸ್ತುವೇ ಬದಲಾಗುತ್ತದೆ ಎಂದು ತೋರಿಸದ ಹೊರತು ಮುಂದಿನ ಲೆಕ್ಕಗಳು ಬರೀ ಕಂಠಪಾಠ.

ತರಬೇತಿ ಪಡೆದ ಮಾತ್ರಕ್ಕೆ ಯಶಸ್ಸು ಖಚಿತ ಎಂದೂ ಅಲ್ಲ. 2022ರಲ್ಲಿ ಆಸ್ಟ್ರಿಯಾದ ಆಲ್ಟಾಕ್ ತಂಡಕ್ಕೆ ಮುಖ್ಯ ತರಬೇತುದಾರರಾದ ಕ್ಲೋಸೆ, ವರ್ಷ ತುಂಬುವ ಮೊದಲೇ ಆ ಹುದ್ದೆ ಕಳೆದುಕೊಂಡರು. 2024ರಲ್ಲಿ ನ್ಯೂರೆಂಬರ್ಗ್ ತಂಡದೊಂದಿಗೆ ಮತ್ತೆ ಕೆಲಸ ಆರಂಭಿಸಿದರು. ಕಲಿಸುವ ಕೆಲಸದಲ್ಲಿ ಹಳೆಯ ದಾಖಲೆಗಳು ಆಸರೆಯಾಗುವುದಿಲ್ಲ.

ಬೋಧನಾಭ್ಯಾಸಕ್ಕೆ ಹೊರಡುವ ನಮಗೆ ಇದರಿಂದ ಸಿಗುವ ಕೆಲಸ ಚಿಕ್ಕದು, ಆದರೆ ಸ್ಪಷ್ಟ. ಪಾಠಯೋಜನೆ ಬರೆಯುವಾಗ, ನಾವು ಯೋಚಿಸದೆಯೇ ದಾಟಿಬಿಡುವ ಹಂತಗಳನ್ನು ಪಕ್ಕದಲ್ಲಿ ಪಟ್ಟಿ ಮಾಡೋಣ. ಪಾಠ ವೀಕ್ಷಿಸುವ ಸಹಪಾಠಿಗಳು ಮತ್ತು ಮಾರ್ಗದರ್ಶಕರು ಧ್ವನಿ, ಕಪ್ಪುಹಲಗೆ ಬಳಕೆಯ ಜೊತೆಗೆ ಆ ಪಟ್ಟಿಯನ್ನೂ ನೋಡಿ, ಬಿಟ್ಟುಹೋದ ಹಂತ ಯಾವುದೆಂದು ಹೇಳಿದರೆ ಮರುದಿನದ ಪಾಠಕ್ಕೆ ನಿಜವಾಗಿ ನೆರವಾಗುತ್ತದೆ.