ಬಣ್ಣದಲ್ಲಿ ಕರಗಿದ ತಾಯಿಮನೆ

ಗಯಾನಾ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ರೋಹನ್ ಕನ್ಹಾಯ್, ಕ್ಲೈವ್ ಲಾಯ್ಡ್. ಅದೇ ನೆಲದ ಫ್ರಾಂಕ್ ಬೋಲಿಂಗ್ ಅವರ ಹೆಸರು ಲಂಡನ್ನಿನಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮವರಲ್ಲಿಯೂ ಅನೇಕರಿಗೆ ಅಪರಿಚಿತ. ಹೆಸರಿನಲ್ಲಿ ಬೋಲಿಂಗ್ ಇದ್ದರೂ ಇವರು ಕ್ರಿಕೆಟಿಗರಲ್ಲ; ನಮ್ಮ ಕಾಲದ ದೊಡ್ಡ ಅಮೂರ್ತ ಚಿತ್ರಕಾರರಲ್ಲಿ ಒಬ್ಬರು. ಹುಟ್ಟೂರನ್ನು ಬಿಟ್ಟುಬಂದ ಕಲಾವಿದನು ಹುಟ್ಟೂರನ್ನೇ ಚಿತ್ರಿಸುತ್ತಿರಬೇಕೇ ಎಂಬ ಪ್ರಶ್ನೆಗೆ ಅವರು ತಮ್ಮ ಇಡೀ ಬಾಳಿನ ದುಡಿಮೆಯಿಂದ ಉತ್ತರ ಕೊಟ್ಟಿದ್ದಾರೆ.

ಬೋಲಿಂಗ್ ಜನಿಸಿದ್ದು 1934ರಲ್ಲಿ, ಅಂದಿನ ಬ್ರಿಟಿಷ್ ಗಯಾನಾದ ಬಾರ್ಟಿಕಾದಲ್ಲಿ. ಬೆಳೆದದ್ದು ನ್ಯೂ ಆಮ್‌ಸ್ಟರ್‌ಡಾಮ್ ಎಂಬ ಪಟ್ಟಣದಲ್ಲಿ. ತಾಯಿ ಬಟ್ಟೆ ಹೊಲಿಯುತ್ತಿದ್ದರು. ಮನೆಯೇ ಅಂಗಡಿಯೂ ಆಗಿತ್ತು. 1953ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಕವಿಯಾಗುವ ಕನಸು ಹೊತ್ತು ಅವರು ಲಂಡನ್ನಿಗೆ ಬಂದರು. ಕುಂಚ ಹಿಡಿದದ್ದು ಆಮೇಲೆ. 1962ರಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಹೊರಬಂದಾಗ ಅವರಿಗೆ ಬೆಳ್ಳಿ ಪದಕ, ಸಹಪಾಠಿ ಡೇವಿಡ್ ಹಾಕ್ನಿ ಅವರಿಗೆ ಚಿನ್ನದ ಪದಕ. ಆಗಿನ ಅವರ ಚಿತ್ರಗಳಲ್ಲಿ ಮನುಷ್ಯರಿದ್ದರು. ಫ್ರಾನ್ಸಿಸ್ ಬೇಕನ್ನರ ನೆರಳೂ ಇತ್ತು. ಆದರೆ ಓರಗೆಯವರನ್ನು ಹೊಸ ಬ್ರಿಟಿಷ್ ಕಲೆಯ ಮುಂದಾಳುಗಳೆಂದು ಮೆರೆಸಿದ ಕಲಾಲೋಕ ಇವರನ್ನು ಕೆರಿಬಿಯನ್ ಕಲಾವಿದನೆಂಬ ಬೇರೆಯ ಪಂಕ್ತಿಯಲ್ಲಿ ಕೂರಿಸಿತು. 1966ರಲ್ಲಿ ಅವರು ನ್ಯೂಯಾರ್ಕಿಗೆ ಹೊರಟುಹೋದರು.

ಅದೇ ವರ್ಷ ಗಯಾನಾ ಸ್ವತಂತ್ರವಾಯಿತು. ತಾಯಿಯ ಮನೆ ಮತ್ತು ಅಂಗಡಿಯ ಒಂದು ಛಾಯಾಚಿತ್ರವನ್ನು ಬೋಲಿಂಗ್ ಸಿಲ್ಕ್‌ಸ್ಕ್ರೀನಿನ ಮೂಲಕ ಕ್ಯಾನ್‌ವಾಸಿನ ಮೇಲೆ ಮತ್ತೆ ಮತ್ತೆ ಅಚ್ಚೊತ್ತತೊಡಗಿದರು. ಚಿತ್ರದಿಂದ ಚಿತ್ರಕ್ಕೆ ಆ ಮನೆ ಮಸುಕಾಗುತ್ತದೆ, ಅದರ ಮೇಲೆ ಬಣ್ಣ ಹರಿಯುತ್ತದೆ. 1967ರಿಂದ 1971ರವರೆಗಿನ ಭೂಪಟ ಸರಣಿಯಲ್ಲಿ ಖಂಡಗಳೂ ಹೀಗೆಯೇ. ಕೆಲವು ಚಿತ್ರಗಳ ಅಗಲ ಆರು ಮೀಟರಿಗೂ ಹೆಚ್ಚು. ದಕ್ಷಿಣ ಅಮೆರಿಕ, ಆಫ್ರಿಕಾಗಳ ಹೊರರೇಖೆಗಳು ಕೆಂಪು, ಹಳದಿ, ಹಸುರು ಬಣ್ಣಗಳ ಕಡಲಿನಲ್ಲಿ ತೇಲುತ್ತವೆ. ಶಾಲೆಯ ಗೋಡೆಯ ಭೂಪಟದಲ್ಲಿ ಮೆರೆಯುವ ಯುರೋಪು ಇಲ್ಲಿ ಬಹುಪಾಲು ಕಾಣುವುದೇ ಇಲ್ಲ. ಟೇಟ್ ಸಂಗ್ರಹದಲ್ಲಿರುವ 1968ರ ಚಿತ್ರವೊಂದರ ಹೆಸರೇ ‘ಬಾರ್ನಿ ನ್ಯೂಮನ್‌ಗೆ ಹೆದರುವವರಾರು’. ಅಮೆರಿಕದ ಅಮೂರ್ತ ಕಲೆಯ ಹಿರಿಯ ಬಾರ್ನೆಟ್ ನ್ಯೂಮನ್ನರ ಶೀರ್ಷಿಕೆಯೊಂದನ್ನೇ ತಿರುಗಿಸಿ ಮಾಡಿದ ಕೀಟಲೆ ಅದು. ನ್ಯೂಮನ್ನರ ಶುದ್ಧ ಬಣ್ಣದ ಪಟ್ಟಿಗಳ ನಡುವೆ ಬೋಲಿಂಗ್ ದಕ್ಷಿಣ ಅಮೆರಿಕವನ್ನು ನುಸುಳಿಸಿದ್ದಾರೆ. ಗುರುವಿಗೆ ಗೌರವ, ಜೊತೆಗೇ ತನ್ನ ಪಾಲಿನ ಹಕ್ಕುಸ್ಥಾಪನೆ. ಅವರ ಕೃತಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಆಗ ಅಮೆರಿಕದಲ್ಲಿ ಕಪ್ಪು ಜನರ ಹೋರಾಟದ ಬಿಸಿ. ಕಪ್ಪು ಕಲಾವಿದನು ತನ್ನ ಜನರ ನೋವನ್ನು ನೇರವಾಗಿ ಬರೆಯಬೇಕು, ಅಮೂರ್ತ ಚಿತ್ರ ಪಲಾಯನ ಎಂಬ ವಾದ ಬಲವಾಗಿತ್ತು. ‘ಆರ್ಟ್ಸ್ ಮ್ಯಾಗಜೀನ್’ ಪತ್ರಿಕೆಯ ಲೇಖನಗಳಲ್ಲಿ ಬೋಲಿಂಗ್ ಇದನ್ನು ಎದುರಿಸಿದರು. ವಾದದ ಹಿಂದಿನ ಸಂಕಟ ಸುಳ್ಳಲ್ಲ. ಆದರೆ ಬಿಳಿಯ ಚಿತ್ರಕಾರನಿಗೆ ಬಣ್ಣವನ್ನು ಬಣ್ಣವಾಗಿಯೇ ನೋಡುವ ಸ್ವಾತಂತ್ರ್ಯವಿದ್ದು ಕಪ್ಪು ಚಿತ್ರಕಾರನಿಗೆ ಅದಿಲ್ಲವೆಂದರೆ ಅದೂ ಒಂದು ಬಗೆಯ ಬೇಲಿಯೇ.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿತು. ಬಳಿಕ ಭೂಪಟಗಳೂ ಮರೆಯಾದವು. ಓರೆಮಾಡಬಲ್ಲ ಹಲಗೆಯೊಂದನ್ನು ಸಜ್ಜುಮಾಡಿಕೊಂಡು, ಅದರ ಮೇಲಿನ ಕ್ಯಾನ್‌ವಾಸಿಗೆ ಎತ್ತರದಿಂದ ಅಕ್ರಿಲಿಕ್ ಬಣ್ಣವನ್ನು ಸುರಿಯತೊಡಗಿದರು. ಬಣ್ಣ ಜಾರುತ್ತದೆ, ಒಂದರೊಳಗೊಂದು ಬೆರೆಯುತ್ತದೆ, ಬುಡದಲ್ಲಿ ಮಡುಗಟ್ಟುತ್ತದೆ. ಓರೆಯ ಅಳತೆ, ಬಣ್ಣದ ಸಾಂದ್ರತೆ, ಸುರಿಯುವ ಕ್ಷಣ, ಇಷ್ಟು ಮಾತ್ರ ಕಲಾವಿದನ ಕೈಯಲ್ಲಿ; ಉಳಿದದ್ದು ಗುರುತ್ವಾಕರ್ಷಣೆಯ ಕೆಲಸ. ಕೇಳಲು ಸುಲಭ, ಮಾಡಲು ಅಲ್ಲ.

1975ರಲ್ಲಿ ಲಂಡನ್ನಿಗೆ ಮರಳಿದರೂ ನ್ಯೂಯಾರ್ಕಿನ ನಂಟು ಬಿಡಲಿಲ್ಲ. ಎಂಬತ್ತರ ದಶಕದಲ್ಲಿ ಚಿತ್ರಗಳ ಮೈ ದಪ್ಪವಾಯಿತು: ಅಕ್ರಿಲಿಕ್ ಜೆಲ್, ಫೋಮ್ ಚೂರುಗಳು, ಕೈಗೆ ಸಿಕ್ಕ ಸಣ್ಣಪುಟ್ಟ ವಸ್ತುಗಳು ಬಣ್ಣದಲ್ಲಿ ಹೂತುಹೋದವು. ‘ಗ್ರೇಟ್ ಥೇಮ್ಸ್’ ಸರಣಿಯ ಎದುರು ನಿಂತರೆ ನದಿಯ ಆಕಾರ ಕಾಣದು. ಕೆಸರು ಮತ್ತು ಹೊಳಪು ಎರಡೂ ಒಟ್ಟಿಗೆ ಕಾಣುತ್ತವೆ. 1989ರಲ್ಲಿ ಮಗನೊಂದಿಗೆ ಗಯಾನಾಕ್ಕೆ ಹೋದಾಗ ಅಲ್ಲಿಯ ಬೆಳಕನ್ನು ನೋಡಿ, ತಮ್ಮ ಚಿತ್ರಗಳೊಳಗಿನ ಬೆಳಕು ಎಲ್ಲಿಯದೆಂಬುದು ಅವರಿಗೆ ಹೊಳೆಯಿತು. ಊರನ್ನು ಚಿತ್ರಿಸುವುದಿಲ್ಲವೆಂದು ಹೊರಟವನ ಬಣ್ಣದಲ್ಲೇ ಊರು ಕೂತಿತ್ತು!

ಮನ್ನಣೆ ಮಾತ್ರ ನಿಧಾನವಾಗಿ ಬಂತು. ಟೇಟ್ ಅವರ ಚಿತ್ರವೊಂದನ್ನು ಕೊಂಡದ್ದು 1987ರಲ್ಲಿ. ರಾಯಲ್ ಅಕಾಡೆಮಿಯ ಸದಸ್ಯತ್ವ 2005ರಲ್ಲಿ, ‘ಸರ್’ ಪದವಿ 2020ರಲ್ಲಿ. ಟೇಟ್ ಬ್ರಿಟನ್ ಅವರ ಜೀವಮಾನದ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ, 2019ರಲ್ಲಿ, ಅವರ ವಯಸ್ಸು ಎಂಬತ್ತೈದು. ಆ ವಯಸ್ಸಿನಲ್ಲೂ ಕುರ್ಚಿಯಲ್ಲಿ ಕುಳಿತು, ಮನೆಮಂದಿಗೆ ಮತ್ತು ಸಹಾಯಕರಿಗೆ ಎಲ್ಲಿ ಸುರಿಯಬೇಕು, ಎಲ್ಲಿ ಅಂಟಿಸಬೇಕೆಂದು ಹೇಳುತ್ತ ಅವರು ಕೆಲಸ ಮಾಡುತ್ತಿದ್ದರು. ಒಂದು ಕ್ಯಾನ್‌ವಾಸಿನ ಸುತ್ತ ಇನ್ನೊಂದರ ಪಟ್ಟಿಗಳನ್ನು ಕತ್ತರಿಸಿ ಜೋಡಿಸುವುದು ಅವರ ಹಳೆಯ ಅಭ್ಯಾಸ. ಹತ್ತಿರ ಹೋಗಿ ನೋಡಿದರೆ, ದರ್ಜಿಯ ಮೇಜಿನ ಮೇಲಿನ ಬಟ್ಟೆಯಂತೆ, ಆ ಜೋಡಣೆಯ ಅಂಚುಗಳು ಮುಚ್ಚುಮರೆಯಿಲ್ಲದೆ ಕಾಣುತ್ತವೆ.